ಹಾಲಿನ ಕ್ಯಾನಿನ ದೆವ್ವಗಳು

ಗೌರವಾನ್ವಿತ ಪ್ರೂಸಾಕ್ ಅವರಿಗೆ,

ನಿಮ್ಮ ಎದುರು ಸಾಲಿನ ಹಳದಿ ಮನೆಯ ಕೊರಿನ್ ಮಾಡುವ ನಮಸ್ಕಾರಗಳು. ನೀವು ಈಗ ಮಗಳ ಊರಿನ ವೃದ್ಧಾಶ್ರಮದಲ್ಲಿದ್ದೀರಿ ಎಂದು ಮೊನ್ನೆ ತಿಳಿಯಿತು. ಮೂವತ್ತು ವರ್ಷ ಬರೆಯದೆ ಉಳಿಸಿಕೊಂಡ ಪತ್ರವಿದು.

ನನಗಾಗ ಒಂಬತ್ತು ವರ್ಷ. ಟೈರ್ ಕಾರ್ಖಾನೆಯ ಉಗ್ರಾಣದಿಂದ ಮಾಲು ಕದ್ದು ಅಪ್ಪ ಜೈಲಿಗೆ ಹೋಗಿದ್ದ. ಆ ಉಗ್ರಾಣದ ಕಾವಲುಗಾರರು ನೀವು. ಕಳ್ಳತನ ಅಪ್ಪನದು, ಕೆಲಸ ಹೋದದ್ದು ನಿಮ್ಮದು. ಬೀದಿಯ ಅರ್ಧ ಜನ ಅಲ್ಲೇ ದುಡಿಯುತ್ತಿದ್ದವರು. ನಮ್ಮ ಅಂಗಳಕ್ಕೆ ಮಕ್ಕಳು ಬರುವುದು ನಿಂತಿತು.

ಅಕ್ಟೋಬರ್ ಬಂದು, ಮಕ್ಕಳು ವೇಷ ಹಾಕಿ ಮನೆಮನೆಗೆ ಮಿಠಾಯಿ ಕೇಳಿ ಬರುವ ದೆವ್ವಗಳ ಹಬ್ಬ ಹತ್ತಿರವಾದಾಗ ಅಮ್ಮ, "ಹ್ಯಾಲೊವೀನ್‌ಗೆ ಮನೆ ಸಿಂಗರಿಸೋಣ ಕಣೇ" ಎಂದಳು. "ಯಾರು ಬರ್ತಾರೆ?" ಎಂದೆ. "ಬರದಿದ್ರೆ ನಾವೇ ನೋಡ್ಕೊಳ್ಳೋಣ."

ಅಂಗಡಿಯಿಂದ ತರುವ ಮಾತೇ ಇರಲಿಲ್ಲ. ಹಾಲಿನ ಖಾಲಿ ಪ್ಲಾಸ್ಟಿಕ್ ಕ್ಯಾನ್‌ಗಳನ್ನು ತೊಳೆದು, ಕಪ್ಪು ಶಾಯಿಯಲ್ಲಿ ಬಾಯಿ ಕಣ್ಣು ಬರೆದು, ಒಳಗೆ ಕ್ರಿಸ್‌ಮಸ್ ದೀಪದ ಸರ ಇಳಿಸಿದೆವು. ಮೊಟ್ಟೆಯ ಟ್ರೇ ಕತ್ತರಿಸಿ ಬೂಟ್ ಪಾಲಿಶ್ ಬಳಿದರೆ ಬಾವಲಿ. ಕಸದ ಕಪ್ಪು ಚೀಲ ಸೀಳಿದರೆ ಜೇಡರ ಬಲೆ. ನಾನು ಅಪ್ಪನ ಅಂಗಿಗೆ ಒಣಗಿದ ಎಲೆ ತುಂಬಿ ಜಗಲಿಯ ಕುರ್ಚಿಯಲ್ಲಿ ದೆವ್ವವಾಗಿ ಕೂರಿಸಿದೆ. ಜೇಬಿನ ಮೇಲೆ ಕಾರ್ಖಾನೆಯ ಹೆಸರಿತ್ತು. ಅಮ್ಮ ನೋಡಿದವಳೇ ಎಲೆಗಳನ್ನೆಲ್ಲ ಹೊರಗೆ ಸುರಿದು, ತನ್ನ ಹಳೆಯ ಕೋಟು ತಂದುಕೊಟ್ಟಳು. "ನಾನೇ ದೆವ್ವ ಆಗ್ತೀನಿ ಬಿಡು. ಬೀದಿಯವರಿಗೂ ಬೈಯೋಕೆ ಅನುಕೂಲ."

ಹಬ್ಬದ ಸಂಜೆ ಸಕ್ಕರೆ ಪಾಕದಲ್ಲಿ ಪಾಪ್‌ಕಾರ್ನ್ ಉಂಡೆ ಕಟ್ಟಿ ತಟ್ಟೆ ತುಂಬ ಇಟ್ಟಳು. ದೀಪ ಹಚ್ಚಿದೆವು. ವೇಷ ಹಾಕಿದ ಮಕ್ಕಳು ನಮ್ಮ ಮನೆಯ ಹತ್ತಿರ ಬಂದು, ದೆವ್ವಗಳನ್ನು ಒಮ್ಮೆ ನೋಡಿ, ಬೀದಿ ದಾಟಿ ಆಚೆ ಹೋಗುತ್ತಿದ್ದರು.

ಆಗ ನೀವು ಬಂದಿರಿ. ತಲೆಯ ಮೇಲೆ ದಿನಸಿಯ ಕಾಗದದ ಚೀಲ, ಅದಕ್ಕೆರಡು ತೂತು. ಮೈಮೇಲೆ ನಿಮ್ಮ ಹಳೆಯ ಕಾವಲು ಕೆಲಸದ ಕೋಟು. ನಿಮ್ಮ ಕುಂಟು ನಡಿಗೆ ಯಾರಿಗೆ ಗೊತ್ತಿಲ್ಲ? ಜಗಳಕ್ಕೇ ಬಂದಿರೆಂದು ಹೆದರಿ ನಾನು ಒಳಗಿನಿಂದ ಚಿಲಕ ಹಾಕಿದೆ. ಆ ಸದ್ದು ನಿಮಗೆ ಕೇಳಿಸಿರಬೇಕು. ಆದರೂ ಬಾಗಿಲು ತಟ್ಟಿ ಕಾದಿರಿ. ಅಮ್ಮ ಬಂದು ತೆಗೆದಳು.

"ಮಿಠಾಯಿ ಕೊಡ್ತೀಯೋ, ಕಿತಾಪತಿ ಮಾಡ್ಲೋ?" ಎಂದಿರಿ, ಹಬ್ಬದ ಮಕ್ಕಳು ಮನೆಮನೆಗೂ ಕೇಳುವ ಹಾಗೆಯೇ.

ಅಮ್ಮ ಹೊಸ್ತಿಲು ದಾಟಿ ಹೊರಗೆ ಬಂದಳು. "ಪ್ರೂಸಾಕ್ ಅವರೇ, ನಿಮ್ಮ ಕೆಲಸ..."

"ಆ ಲೆಕ್ಕ ನಿನ್ನ ಗಂಡನ ಜೊತೆ ಇದೆ, ಲೋರ್ನಾ. ಅವನು ಬರ್ಲಿ. ಈಗ ಉಂಡೆ ಕೊಡು."

ಚೀಲ ಕಳಚಿಟ್ಟು, ಎಲ್ಲರಿಗೂ ಕಾಣುವಂತೆ ನಮ್ಮ ಮೆಟ್ಟಿಲ ಮೇಲೆ ಕೂತು ಉಂಡೆ ತಿಂದಿರಿ. ಹಲ್ಲಿಗೆ ಅಂಟಿದ್ದನ್ನು ನಾಲಗೆಯಿಂದ ಬಿಡಿಸಿಕೊಳ್ಳುತ್ತ, ಮಾಟಗಾತಿಯರ ವೇಷದಲ್ಲಿ ಆಚೆ ಹೋಗುತ್ತಿದ್ದ ಡಾಬ್ಸನ್ ಮನೆಯ ಅಕ್ಕತಂಗಿಯರನ್ನು ಕೂಗಿದಿರಿ: "ಏಯ್ ಮಾಟಗಾತಿಯರಾ, ಬರ್ರೇ ಇಲ್ಲಿ! ಖಾಲಿಯಾದ್ಮೇಲೆ ನನ್ನ ಬೈಬೇಡಿ." ಅವರು ಬಂದರು. ಅವರ ಹಿಂದೆ ಇನ್ನೂ ನಾಲ್ವರು. ಕೊನೆಗೆ ತಟ್ಟೆಯಲ್ಲಿ ಉಳಿದದ್ದು ಪುಡಿ ಮಾತ್ರ. ಅಮ್ಮ ಅಡುಗೆಮನೆಗೆ ಹೋಗಿ ಮತ್ತೊಂದು ಪಾತ್ರೆ ಒಲೆಗಿಟ್ಟಳು. ಅವಳು ಗುನುಗುವುದನ್ನು ನಾನು ಎಷ್ಟೋ ತಿಂಗಳ ಮೇಲೆ ಕೇಳಿದೆ.

ಎರಡು ವರ್ಷದ ನಂತರ ಅಪ್ಪ ಬಿಡುಗಡೆಯಾದ. ಬಂದ ಮರುದಿನವೇ ನಿಮ್ಮಲ್ಲಿಗೆ ಹೋದವನು ಹೊತ್ತು ಮುಳುಗಿದ ಮೇಲೆ ಬಂದ. ಕಣ್ಣು ಕೆಂಪಾಗಿತ್ತು. ಅಮ್ಮ ಏನಾಯಿತೆಂದು ಕೇಳಿದಳು.

"ಬೈದ್ರು. ಮನಸಾರೆ ಬೈದ್ರು. ಆಮೇಲೆ, ಊಟ ಮಾಡ್ಕೊಂಡು ಹೋಗು ಅಂದ್ರು."

ಅಂದು ಚಿಲಕ ಹಾಕಿದ್ದಕ್ಕೆ ನನ್ನನ್ನು ಕ್ಷಮಿಸಿ. ಬರುವ ಚಳಿಗಾಲ ನಿಮ್ಮನ್ನು ಹೆಚ್ಚು ಕಾಡದಿರಲಿ. ಹೊತ್ತಿಗೆ ಬಿಸಿ ಊಟ, ಮಾತಿಗೆ ಒಬ್ಬರು ಜೊತೆ ಸದಾ ಇರಲಿ.

ನಿಮ್ಮ ಬೀದಿಯ ಹುಡುಗಿ,
ಕೊರಿನ್