ಪಟ್ಟಿಯಲ್ಲಿ ಇಲ್ಲದ ಮಾನಿಟರ್

ಮಾರ್ಚ್ 3, ಮಂಗಳವಾರ. ಬೆಳಿಗ್ಗೆ

ಬರೆಯಬೇಕಂತೆ. ದಿನಕ್ಕೊಂದು ಪುಟ. ಏನು ಬರೆಯಲಿ ಎಂದು ಕೇಳಿದರೆ ಕೈ ಡಾಕ್ಟರಮ್ಮ, "ಏನಾದ್ರೂ ಬರೀರಿ, ದಿನಚರಿ ಬರೀರಿ, ಬೆರಳು ಆಡಬೇಕು ಅಷ್ಟೆ" ಎಂದಳು. ನಲವತ್ತೆಂಟು ವರ್ಷ ಅಂಗಡಿಗಳ ನೆತ್ತಿಯ ಮೇಲೆ ಆಳೆತ್ತರದ ಅಕ್ಷರ ಬರೆದವನು ನಾನು. ಏಣಿಯಿಂದ ಬಿದ್ದು ಮಣಿಕಟ್ಟು ಮುರಿದದ್ದಕ್ಕೆ ಈಗ ಇರುವೆ ಸಾಲಿನಂಥ ಅಕ್ಷರ ಬರೆಯುವ ಶಿಕ್ಷೆ. ಕಾಪಿ ಬರೆಸುತ್ತಾರೆಂದೇ ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅರವತ್ತೇಳಕ್ಕೆ ಮತ್ತೆ ಅದೇ ಗತಿ.

ಇದನ್ನು ಯಾರೂ ಓದುವಂತಿಲ್ಲ. ಓದಿದರೆ ಅವರ ಕರ್ಮ.

ಮಗಳು ಸ್ಟುಡಿಯೋ ಕೆಲಸ ಬಿಡುತ್ತಾಳಂತೆ. ಲೇಬಲ್ಲು, ಡಬ್ಬ, ಬ್ಯಾಗು... ಎಲ್ಲ ಇವಳು ಡಿಸೈನ್ ಮಾಡುವುದು, ಕೆಳಗೆ ಯಜಮಾನನ ಹೆಸರು. ಆರು ವರ್ಷ ಸಹಿಸಿದ್ದೇ ಹೆಚ್ಚು. ನಾನಾಗಿದ್ದರೆ ಆರನೇ ದಿನಕ್ಕೆ ಬಕೆಟ್ಟು ಬಣ್ಣ ಅವನ ತಲೆಗೆ ಸುರಿದು ಬರುತ್ತಿದ್ದೆ. ಇನ್ನು ಮನೆಯ ಮುಂದಿನ ಕೋಣೆಯಲ್ಲಿ ಕೂತು ಸ್ವಂತ ಕೆಲಸ. ಅದಕ್ಕೊಂದು ಕಂಪ್ಯೂಟರ್ ಬೇಕು. ರೆಡಿ ತಗೊಂಡರೆ ದುಬಾರಿ, ಬಿಡಿ ಭಾಗ ಕೊಂಡು ಜೋಡಿಸಿದರೆ ಕೈಗೆ ಎಟುಕುತ್ತದಂತೆ. ಈ ಕೊನೆಯ ವಾರ ಯಜಮಾನ ಒಂದು ಗಂಟೆಯೂ ಬಿಡುತ್ತಿಲ್ಲ. ಹಾಗಾಗಿ ಅಂಗಡಿಗೆ ಹೋಗುವವನು ನಾನು. ಮನೆಯಲ್ಲಿ ಖಾಲಿ ಕೂತಿರುವುದು ನಾನೊಬ್ಬನೇ ಅಲ್ಲವೇ.

ಮಾರ್ಚ್ 4

ಪಟ್ಟಿ ಕೊಟ್ಟಳು. ತಿಂಡಿ ತಿನ್ನುತ್ತಲೇ ಪಾಠ.

"ಅಪ್ಪಾ, ಪ್ರೊಸೆಸರ್ ಅಂದ್ರೆ ಕೆಲಸ ಮಾಡೋ ಕೈ. ರ‍್ಯಾಮ್ ಅಂದ್ರೆ ನೀನು ಬಣ್ಣದ ಡಬ್ಬ ಹರಡ್ಕೊಳೋ ಮೇಜು. ಮೇಜು ಚಿಕ್ಕದಾದ್ರೆ ಎಲ್ಲಾ ಕೆಳಗೆ ಬೀಳತ್ತೆ."

"ಮತ್ತೆ ಈ ಎಸ್ಎಸ್‌ಡಿ?"

"ಬೀರು. ಬೇಗ ತೆರೆಯೋ ಬೀರು."

"ಹೀಗೆ ಹೇಳು. ಇಂಗ್ಲಿಷಲ್ಲಿ ಬೈದ ಹಾಗೆ ಹೇಳಬೇಡ."

ಪಟ್ಟಿಯ ಕೊನೆಯಲ್ಲಿ ಮಾನಿಟರ್. ಇಪ್ಪತ್ನಾಲ್ಕು ಇಂಚು, ಕಂಪನಿ ಹೆಸರು, ಉದ್ದನೆಯ ನಂಬರು. ಕೆಳಗೆ ಎರಡು ಗೆರೆ. "ಬೇರೆ ಯಾವುದರಲ್ಲಾದ್ರೂ ಸ್ವಲ್ಪ ಹೆಚ್ಚುಕಮ್ಮಿ ಮಾಡ್ಕೋ. ಇದು ಮಾತ್ರ ಇದೇ. ಬಣ್ಣ ಸರಿ ಕಾಣ್ದಿದ್ರೆ ಉಳಿದದ್ದೆಲ್ಲ ದಂಡ" ಎಂದಳು. ಬಣ್ಣದ ವಿಷಯ ನನಗೆ ಹೇಳುತ್ತಾಳೆ.

ದುಡ್ಡು ಅವಳ ಉಳಿತಾಯದ್ದು. ನನ್ನದು ಆಸ್ಪತ್ರೆಗೆ ಹೋಯಿತು.

ಮಾರ್ಚ್ 6

ಅಂಗಡಿಗೆ ಹೋಗಿದ್ದೆ. ಒಳಗೆ ಎಲ್ಲವೂ ಮಿಣುಕು ಮಿಣುಕು. ಫ್ಯಾನಿಗೆ ಲೈಟು, ಕೀಬೋರ್ಡಿಗೆ ಲೈಟು. ಅಂಗಡಿಯವನಿಗೆ ಮಿಣುಕಪ್ಪ ಎಂದೇ ಹೆಸರಿಟ್ಟಿದ್ದೇನೆ.

"ಅಂಕಲ್, ಡಿಸೈನ್ ವರ್ಕಿಗೆ ಈ ಗ್ರಾಫಿಕ್ಸ್ ಕಾರ್ಡ್ ಹಾಕ್ಲೇಬೇಕು."

"ನಿನ್ನ ಅಂಕಲ್ ಮನೇಲಿರ್ತಾನೆ. ಪಟ್ಟಿಲಿದ್ಯಾ?"

"ಇಲ್ಲ, ಆದ್ರೆ..."

"ಇಲ್ಲ ತಾನೆ. ಪ್ರೊಸೆಸರಿನ ಒಳಗೇ ಇರೋದು ಸಾಕು ಅಂತ ಬರ್ದಿದಾಳೆ ನೋಡು. ಅವಳು ಡಬ್ಬ ಬರೆಯೋಳು, ಗೇಮ್ ಆಡೋಳಲ್ಲ."

ಆಮೇಲೆ ಗಾಜಿನ ಕ್ಯಾಬಿನೆಟ್, ಅಂದರೆ ಇದೆಲ್ಲ ಕೂರಿಸುವ ಡಬ್ಬ ತೋರಿಸಿದ, ಒಳಗೆ ಕಾಮನಬಿಲ್ಲು ಸುತ್ತುತ್ತದೆ. ಬಣ್ಣ ನೋಡಿ ಕೆಲಸ ಮಾಡುವವಳ ಪಕ್ಕದಲ್ಲಿ ಬಣ್ಣ ಕುಣಿಸುವುದೇ? ಕರೀ ತಗಡಿನ ಡಬ್ಬ ತೆಗೆಸಿದೆ. ಕಂಪನಿ ಹೆಸರಿಲ್ಲದ ಪವರ್ ಸಪ್ಲೈ ತುರುಕಲು ನೋಡಿದ. ಅದು ಹಾಳಾದರೆ ಉಳಿದದ್ದನ್ನೂ ಸುಡುತ್ತದೆ ಎಂದು ಮಗಳು ಬರೆದಿದ್ದಳು. ಅದನ್ನೇ ಓದಿ ಹೇಳಿದೆ. ರ‍್ಯಾಮ್ ಒಂದೇ ದೊಡ್ಡ ತುಂಡು ಕೊಡುತ್ತೇನೆಂದ, ಎಂಟೆಂಟು ಜಿಬಿಯ ಎರಡೇ ಬೇಕೆಂದೆ. ಒಳಗಿನ ಮದರ್‌ಬೋರ್ಡಿನಲ್ಲಿ ನಾಲ್ಕು ಗೂಡಿರಬೇಕು, ಮುಂದೆ ಇನ್ನೆರಡು ಹಾಕಬಹುದು. "ಅಜ್ಜ ಭಾರೀ ಪಕ್ಕಾ" ಎಂದ. ಅಂಕಲ್ಲಿನಿಂದ ಅಜ್ಜನಿಗೆ ಇಳಿಸಿದ.

ಮಾನಿಟರ್ ಮಾತ್ರ ನಾಳೆ. ಬಣ್ಣದ ಹಲಗೆ ತಗೊಂಡು ಹೋಗಬೇಕು.

ಮಾರ್ಚ್ 7

ಬಣ್ಣದ ಹಲಗೆ ಎಂದರೆ ನಾನು ಬೆರೆಸಿದ ಪ್ರತಿ ಬಣ್ಣದ ಒಂದೊಂದು ಪಟ್ಟಿ ಬಳಿದಿಟ್ಟ ಹಲಗೆ. ನಲವತ್ತು ಪಟ್ಟಿ. ಬಟ್ಟೆಯಲ್ಲಿ ಸುತ್ತಿಡುತ್ತೇನೆ. ಗಿರಾಕಿ "ಆ ಕೆಂಪು ಬೇಕು" ಎಂದರೆ ಬೆರಳಿಟ್ಟು ತೋರಿಸಬೇಕು, ಬಾಯಿಮಾತು ನಡೆಯುವುದಿಲ್ಲ. ಆ ಬಣ್ಣದ ಪಟ್ಟಿಗಳ ಫೋಟೋ ತೆರೆಯಲ್ಲಿ ಹಾಕಿಸಿ, ಪಕ್ಕದಲ್ಲಿ ಹಲಗೆ ಹಿಡಿದು ನಿಂತೆ. ಅಂಗಡಿಗೆ ಬಂದವರೆಲ್ಲ ನಿಂತು ನೋಡಿದರು. ನೋಡಲಿ.

ಮಗಳು ಬರೆದ ಮಾನಿಟರಿನಲ್ಲಿ ಕೆಂಪು ಸಪ್ಪೆ ಎನ್ನಿಸಿತು. ಪಕ್ಕದ್ದರಲ್ಲಿ ಹಲಗೆಯಿಂದ ಎದ್ದು ಬಂದ ಹಾಗೆ. ಹಸಿರು, ಹಳದಿ, ಇಟ್ಟಿಗೆ ಬಣ್ಣ... ಒಂದೂ ತಪ್ಪಿಲ್ಲ. ಅದೇ ಬೆಲೆಗೆ ಇಪ್ಪತ್ತೇಳು ಇಂಚು.

ಮಿಣುಕಪ್ಪ ಕೂಡ ಹೇಳಿದ: "ಅಜ್ಜಾ, ಡಿಸೈನಿಗೆ ಅಕ್ಕ ಬರ್ದಿರೋದೇ ಒಳ್ಳೇದು. ಇದು ಸಿನಿಮಾ ನೋಡೋರಿಗೆ."

ನಿನ್ನೆಯಿಂದ ಪಟ್ಟಿ ತಪ್ಪಿಸಲು ನೋಡಿದವನು ಇವತ್ತು ಪಟ್ಟಿ ಹಿಡಿದುಕೊಂಡರೆ ಯಾರು ನಂಬುತ್ತಾರೆ. ಹಳೇ ಸ್ಟಾಕು ಖಾಲಿ ಮಾಡುವ ಉಪಾಯ. ದೊಡ್ಡದನ್ನೇ ಕಟ್ಟಿಸಿದೆ.

ಮಾರ್ಚ್ 9

ಮಿಣುಕಪ್ಪನೇ ಬಂದು ಜೋಡಿಸಿ ಹೋದ. ಮಗಳು ಮೂಟೆಯಷ್ಟು ಖುಷಿಯಲ್ಲಿ ಬಂದಳು. ಕ್ಯಾಬಿನೆಟ್ ತಟ್ಟಿ ನೋಡಿದಳು. ತೆರೆ ಹಚ್ಚಿದಳು. ಮುಖ ಇಳಿಯಿತು.

"ಇದು ನಾನು ಬರೆದಿದ್ದಲ್ಲ."

"ಅದಕ್ಕಿಂತ ಒಳ್ಳೇದು. ಹಲಗೆ ಹಿಡಿದು ನೋಡ್ದೆ."

"ಅಪ್ಪಾ, ನೀಲಿ ಎಲ್ಲಾ ನೇರಳೆ ಕಡೆ ಹೋಗ್ತಿದೆ. ನೋಡು."

ನೋಡಿದೆ. ನೀಲಿ ನೀಲಿಯಾಗಿಯೇ ಇತ್ತು.

"ನೀನು ಹುಟ್ಟೋಕೆ ಮುಂಚೆ ಬಣ್ಣ ಬೆರೆಸಿದ ಕಣ್ಣು ಇದು. ನಿನ್ನ ಸ್ಟುಡಿಯೋದ ಹಾಳು ತೆರೆ ನೋಡಿ ನೋಡಿ ನಿನ್ನ ಕಣ್ಣು ಕೆಟ್ಟಿದೆ. ನನಗೆ ಕಲಿಸ್ಬೇಡ."

ಇನ್ನೂ ಅಂದೆ. ಅಪ್ಪನ ಏಣಿ ಹಿಡಿಯೋಕೆ ಬಾರದವಳು ಅಪ್ಪನ ಕಣ್ಣು ಅಳೀತಾಳೆ ಎಂದೆ. ಹೆಂಡತಿ ಅಡುಗೆಮನೆಯಿಂದ, "ಸಾಕು ಮಾಡ್ರೀ, ಮಗು ಇವತ್ತಿಂದ ಕೆಲಸ ಶುರು ಮಾಡ್ಬೇಕು" ಎಂದಳು. ಮೂವತ್ತೊಂದು ವರ್ಷದ ಮಗು.

ಮಗಳು ಚಿಕ್ಕವಳಿದ್ದಾಗ ಕ್ರೇಯಾನ್ ಹಿಡಿದು ಬಂದು ಇದು ಯಾವ ಬಣ್ಣ ಎಂದು ನನ್ನನ್ನೇ ಕೇಳುತ್ತಿದ್ದಳು. ನಾನು ಹೇಳಿದ ಮೇಲೆ ಮುಗಿಯಿತು.

ಮಾರ್ಚ್ 16

ಮೊದಲ ಕೆಲಸ. ಮಕ್ಕಳ ಸೋಪಿನ ಡಬ್ಬ. ಗಿರಾಕಿ ಸ್ಟುಡಿಯೋದ ಕಾಲದಿಂದ ಗೊತ್ತು, ಇವಳನ್ನು ನಂಬಿ ಹಿಂದೆಯೇ ಬಂದವನು. ಅವನದು ಒಂದೇ ನೀಲಿ, ಹತ್ತು ವರ್ಷದಿಂದ ಬದಲಾಗಿಲ್ಲ. ಆ ಬಣ್ಣಕ್ಕೆ ಪ್ರೆಸ್ಸಿನವರ ನಂಬರಿದೆ. ನಂಬರು ಹಾಕಿದರೆ ತೆರೆಯಲ್ಲಿ ನೇರಳೆ ಎಂದು ಮತ್ತೆ ಅದೇ ರಾಗ.

"ಹಾಗಿದ್ರೆ ನಂಬರೇ ತಪ್ಪಿರ್ಬೇಕು. ತೆರೆ ಸರಿಯಿದೆ. ಕೆಂಪು ಕಮ್ಮಿ ಮಾಡು" ಎಂದೆ.

ತುಂಬಾ ಹೊತ್ತು ನನ್ನ ಮುಖ ನೋಡಿದಳು. ಕೆಂಪು ಕಮ್ಮಿ ಮಾಡಿದಳು. ಗಿರಾಕಿಗೆ ಅವಸರ. ಒಂದು ಡಬ್ಬ ಅಚ್ಚು ಹಾಕಿಸಿ ನೋಡುವಷ್ಟೂ ಪುರುಸೊತ್ತಿಲ್ಲ. ನೇರ ಪ್ರೆಸ್ಸಿಗೆ.

ಮಾರ್ಚ್ 24

ಐದು ಸಾವಿರ ಡಬ್ಬ ಬಂತು. ನೀಲಿಯಲ್ಲ, ಪಾಚಿ ಹಿಡಿದ ನೀರಿನ ಬಣ್ಣ ಎಂದನಂತೆ ಗಿರಾಕಿ. ನನಗೇನೋ ಚೆನ್ನಾಗಿಯೇ ಕಂಡಿತು. ಅಂಥ ಡಬ್ಬದ ಸೋಪು ಕೊಳ್ಳುವವರಿಲ್ಲ ಎಂದು ಎಲ್ಲ ವಾಪಸ್. ಎರಡನೇ ಸಲದ ಅಚ್ಚು ಇವಳ ಖರ್ಚು, ಮುಂದಿನ ಕೆಲಸಕ್ಕೆ ಬೇರೆಯವರನ್ನು ನೋಡುತ್ತೇನೆ ಎಂದನಂತೆ.

"ಕೈ ಹಾಕಿದ್ದು ನೀನು. ನೋಡ್ಕೊಂಡು ಹಾಕ್ಬೇಕಿತ್ತು" ಎಂದೆ.

"ಹೌದು" ಎಂದಳು. ಅಷ್ಟೇ.

ಜಗಳ ಆಡಿದ್ದರೆ ವಾಸಿ ಇತ್ತು.

ಮಾರ್ಚ್ 28

ಸ್ಟುಡಿಯೋಗೆ ವಾಪಸ್ ಹೋದಳು. ಯಜಮಾನ ಕರೆದನಂತೆ. ಕರೆದನೋ, ಇವಳೇ ಹೋಗಿ ನಿಂತಳೋ. ಮೊದಲಿದ್ದ ಕಿಟಕಿ ಪಕ್ಕದ ಜಾಗ ಇಲ್ಲ, ಝೆರಾಕ್ಸ್ ಮಿಷಿನ್ನಿನ ಪಕ್ಕ ಕೂರಿಸಿದ್ದಾನೆ. ಮೂರು ತಿಂಗಳು ಟ್ರಯಲ್ಲಂತೆ! ಆರು ವರ್ಷ ಮಾಡಿದವಳಿಗೆ!

ಕಂಪ್ಯೂಟರಿನ ಮೇಲೆ ಹಳೇ ಬೆಡ್‌ಶೀಟು ಹೊದಿಸಿದ್ದಾಳೆ. ಮುಂದಿನ ಕೋಣೆಯಲ್ಲಿ ಹೆಣ ಇಟ್ಟ ಹಾಗಿದೆ. ತೆಗೆ ಎಂದೆ. ಧೂಳು ಬೀಳತ್ತೆ ಎಂದಳು.

ಮಾರ್ಚ್ 31

ಕೈ ಡಾಕ್ಟರಮ್ಮನ ಹತ್ತಿರ ಹೊರಟಿದ್ದೆ. ಹೆಂಡತಿ ಬಾಗಿಲಲ್ಲಿ ತಡೆದಳು.

"ಇದೇನ್ರೀ, ಒಂದು ಕಾಲಿಗೆ ಕರೀದು, ಒಂದು ಕಾಲಿಗೆ ನೀಲಿ?"

"ಎರಡೂ ಕರೀದೇ ಕಣೇ."

"ಯಾರಿಗೆ ಹೇಳ್ತೀರಾ?"

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಮಾಡುತ್ತಿರಲಿಲ್ಲ. ಕಾಲುಚೀಲ ಬಿಚ್ಚಿ ಕಿಟಕಿಗೆ ಹಿಡಿದೆ. ಎರಡೂ ಒಂದೇ. ಹಲಗೆ ತಂದೆ. ಅದರಲ್ಲಿ ಕಡುನೀಲಿ ಆರು ಪಟ್ಟಿ, ನಾನೇ ಬಳಿದದ್ದು. ಅವಳನ್ನು ಕೂರಿಸಿ ಒಂದೊಂದಾಗಿ ಕೇಳಿದೆ. ಅವಳು ಆರು ಬೇರೆ ಬೇರೆ ಎಂದಳು. ನನಗೆ ಎರಡು ಕಂಡವು, ಮೂರನೆಯದು ಇದ್ದರೂ ಇರಬಹುದು.

ಕೈ ಡಾಕ್ಟರಮ್ಮನ ಹತ್ತಿರ ಹೋಗಲಿಲ್ಲ.

ಏಪ್ರಿಲ್ 2

ಕಣ್ಣಿನ ಡಾಕ್ಟರು ಲೈಟು ಬಿಟ್ಟು ನೋಡಿದ. ಎರಡೂ ಕಣ್ಣಿಗೆ ಪೊರೆ. ಹಳದಿ ಗಾಜಿನ ಹಿಂದೆ ಕೂತ ಹಾಗೆ, ನೀಲಿಯೇ ಮೊದಲು ಹೋಗುವುದು, ಕೆಂಪು ಕೊನೆಗೆ ಎಂದ.

"ಎಷ್ಟು ದಿನದಿಂದ ಇದು?" ಎಂದೆ.

"ನಿಧಾನಕ್ಕೆ ಬರತ್ತೆ. ಮೂರು ವರ್ಷ, ನಾಲ್ಕು ವರ್ಷ... ನಿಮಗೆ ಗೊತ್ತಾಗಲ್ಲ. ಆಪರೇಶನ್ ಮಾಡಿದ್ರೆ ಸರಿಹೋಗತ್ತೆ, ದೊಡ್ಡ ವಿಷಯವಲ್ಲ."

ಅವನಿಗೆ ದೊಡ್ಡ ವಿಷಯವಲ್ಲ. ನಾಲ್ಕು ವರ್ಷದಲ್ಲಿ ಎಷ್ಟು ಬೋರ್ಡು ಬರೆದೆ. ಒಬ್ಬ ಗಿರಾಕಿಯೂ ಹೇಳಲಿಲ್ಲ. ಹೇಳಿದರೆ ಏಣಿ ಮೇಲಿಂದಲೇ ಬೈಯುತ್ತಿದ್ದೆ, ಅದಕ್ಕೆ.

ಏಪ್ರಿಲ್ 5, ಭಾನುವಾರ

ಮಗಳಿಗೆ ಹೇಳಿದೆ. ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತಲಿಲ್ಲ.

"ಗೊತ್ತಿತ್ತು ಬಿಡಪ್ಪಾ."

"ಯಾವಾಗಿಂದ?"

"ಮಾನಿಟರ್ ಹಚ್ಚಿದ ದಿನವೇ ಅನುಮಾನ ಬಂತು. ಸೋಪಿನ ಡಬ್ಬದ ದಿನ ಖಾತ್ರಿ ಆಯ್ತು."

"ಖಾತ್ರಿ ಆದ್ಮೇಲೂ ಕೆಂಪು ಯಾಕೆ ಕಮ್ಮಿ ಮಾಡ್ದೆ? ಬಾಯಿರಲಿಲ್ವಾ?"

ಆಗ ತಲೆ ಎತ್ತಿದಳು. "ಬಾಯಿ ಬಿಟ್ಟಿದ್ನಲ್ಲ ಒಂದು ಸಲ. ನೀನು ಏನಂದೆ ಅಂತ ಜ್ಞಾಪಕ ಇದ್ಯಾ? ಮತ್ತೆ ಅಂದಿದ್ರೆ ನಿನ್ನ ಕಣ್ಣು ಹೋಗಿದೆ ಅಂತ ನಿನ್ನ ಮುಖಕ್ಕೇ ಹೇಳ್ಬೇಕಾಗ್ತಿತ್ತು. ನೀನು ಕೈ ಮುರಿದು ಕೂತಿದ್ದೆ. ಕಣ್ಣೂ ಇಲ್ಲ ಅಂತ ಹೇಗಪ್ಪಾ ಹೇಳೋದು?"

"ಅದಕ್ಕೆ ಐದು ಸಾವಿರ ಡಬ್ಬ ಹಾಳು ಮಾಡಿದ್ಯಾ?"

"ಒಂದ್ವೇಳೆ ನೀನು ಹೇಳಿದ್ದೇ ಸರಿಯಿದ್ರೆ ಅಂತ ಒಂದು ಕಡೆ... ಬಿಡು ಅತ್ಲಾಗೆ."

ಮಡಚಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು. ಪೆದ್ದಿ. ನನ್ನ ಮರ್ಯಾದೆ ಉಳಿಸಲು ತನ್ನ ಬದುಕಿಗೆ ಕೊಳ್ಳಿ ಇಟ್ಟುಕೊಂಡಳು. ಯಾರು ಕೇಳಿದ್ದರು ಇವಳನ್ನು. ಬೆಳೆಸಿದ್ದು ನಾನೇ, ಬೇರೆ ಯಾರಿಗೆ ಬೈಯಲಿ.

ಏಪ್ರಿಲ್ 8, ಬುಧವಾರ. ಮಧ್ಯಾಹ್ನ

ಮಿಣುಕಪ್ಪನ ಅಂಗಡಿಗೆ ಹೋಗಿ ಬಂದೆ. ನಿನ್ನ ಮಾತು ಕೇಳಬೇಕಿತ್ತು ಎಂದೆ. ಜನ್ಮದಲ್ಲಿ ಯಾವ ಅಂಗಡಿಯವನಿಗೂ ಹೇಳದ ಮಾತು. ಅವನು ನಗಲಿಲ್ಲ, ಕುರ್ಚಿ ಕೊಟ್ಟ. ದೊಡ್ಡ ಮಾನಿಟರನ್ನು ಹಳೆಯದರ ಲೆಕ್ಕಕ್ಕೆ ವಾಪಸ್ ತಗೊಳ್ಳುತ್ತಾನೆ. ಪಟ್ಟಿಯಲ್ಲಿದ್ದದ್ದು ಒಂದೇ ಒಂದು ಉಳಿದಿದೆ. ಶನಿವಾರದವರೆಗೆ ಇಟ್ಟಿರುತ್ತಾನೆ, ಆಮೇಲೆ ಬೇರೆ ಗಿರಾಕಿ ಕಾಯುತ್ತಿದ್ದಾನೆ. ಮೇಲಿನ ಖರ್ಚು ನನ್ನದು. ಏಣಿಗೆ ಗಿರಾಕಿ ಸಿಕ್ಕಿದ್ದಾನೆ.

ಆದರೆ ಈ ಸಲ ನಾನು ಆರಿಸುವುದಿಲ್ಲ. ಅವಳೇ ಬರಬೇಕು, ಅವಳ ಕಣ್ಣಲ್ಲೇ ನೋಡಬೇಕು. ಮಾನಿಟರ್ ಬದಲಾಯಿಸೋಣ ಎಂದು ಸಂಜೆ ಹೇಳಿದರೆ "ನೋಡೋಣ" ಎನ್ನುತ್ತಾಳೆ. ನಿನ್ನೆಯೂ ನೋಡೋಣ, ಮೊನ್ನೆಯೂ ನೋಡೋಣ. ಝೆರಾಕ್ಸ್ ಪಕ್ಕದ ಕುರ್ಚಿ ಅಭ್ಯಾಸ ಆಗುತ್ತಿದೆ ಅವಳಿಗೆ. ಒಮ್ಮೆ ಅಭ್ಯಾಸ ಆದರೆ ಮುಗಿಯಿತು. ನಾನು ಬಾಯಿ ತೆರೆದರೆ ಜಗಳವೇ ಬರುವುದು. ಹಾಗಾಗಿ ಈ ಪುಟ ಹರಿದು ರಾತ್ರಿ ಅವಳ ಬ್ಯಾಗಿಗೆ ಹಾಕುತ್ತೇನೆ.

ಓದು. ಸೋಪಿನವನ ಹತ್ತಿರ ನಾನೇ ಹೋಗಿ ತಪ್ಪು ನನ್ನ ಕಣ್ಣಿನದು ಎಂದು ಹೇಳುತ್ತೇನೆ. ಅವನು ಒಪ್ಪಲಿ ಬಿಡಲಿ. ನಿನ್ನ ತೆರೆಯ ಹಿಂದೆ ಇನ್ನು ನಿಲ್ಲುವುದಿಲ್ಲ. ಕೋಣೆ ನಿನ್ನದು, ಬಾಗಿಲು ಹಾಕಿಕೋ. ಕಂಪ್ಯೂಟರ್ ಬೇಡ ಎಂದರೆ ಬೇಡ ಎಂದು ಹೇಳು. ಬಿಡಿ ಬಿಡಿಯಾಗಿ ಮಾರಿ ನಿನ್ನ ದುಡ್ಡು ನಿನ್ನ ಕೈಗೆ ಇಡುತ್ತೇನೆ. ಬೇಕು ಎಂದರೆ ಶನಿವಾರ ರಜೆ ಹಾಕು. ನೋಡೋಣ ಅನ್ನಬೇಡ. ಬೇಕೋ ಬೇಡವೋ, ಹತ್ತನೇ ತಾರೀಖು ಶುಕ್ರವಾರ ಸಂಜೆಯೊಳಗೆ ನನಗೆ ಉತ್ತರ ಬೇಕು.