ಬರ್ಪೆ ಎಂಬ ಬಟನ್

೧೪ ಜೂನ್ ೨೦೨೫, ಶನಿವಾರ. ಡೊಂಬಿವಲಿ.

ಉಲ್ಹಾಸನಗರದ ಚಂದರ್ ನಾಳೆ ನಮ್ಮ ಹಳೆಯ ಗೇಮ್‌ಪ್ರಿಯರ ವಾಟ್ಸಾಪ್ ಗ್ರೂಪಿನಲ್ಲಿ ಏನು ಬೇಕಾದರೂ ಬರೆಯಲಿ. ನನಗೆ ಉತ್ತರ ಸಿಕ್ಕಿದೆ.

ಶಾಲೆಯ ದಿನಗಳಲ್ಲಿ ನೌಪಾಡಾದ ಸೈಬರ್ ಕೆಫೆಯಲ್ಲಿ ಆಡುತ್ತಿದ್ದ ಆ ರಿಕ್ಷಾ ರೇಸ್ ಗೇಮನ್ನು ಮಾಡಿದವರು ಯಾರೆಂದು ಆರು ತಿಂಗಳಿಂದ ಹುಡುಕುತ್ತಿದ್ದೇವೆ. ಹಳೆಯ ಸಿ.ಡಿ. ಒಂದರಲ್ಲಿ, ಅದರ ರಸ್ತೆಗಳನ್ನು ಬಿಡಿಸಲು ಬಳಸಿದ ಸಾಫ್ಟ್‌ವೇರ್ ಟೂಲೇ ಸಿಕ್ಕಿತು. ಟೂಲನ್ನು ಮುಚ್ಚುವ ಬಟನ್ ಮೇಲೆ ಇಂಗ್ಲಿಷಿನ ಐದು ಅಕ್ಷರ: ಬಿ, ಎ, ಆರ್, ಪಿ, ಇ. ಎಲ್ಲರೂ ‘ಬಾರ್ಪ್’ ಎಂದು ಓದಿದರು. "ಫ್ರೆಂಚ್ ಹೋಗಾ ಭಾಯ್, ಟೂಲ್ ಬಾಹರ್ ಸೇ ಖರೀದಾ ಹೈ" ಎಂದು, ಅದು ಹೊರಗಿನಿಂದ ಕೊಂಡ ಮಾಲೆಂದೇ ಚಂದರ್ ತೀರ್ಪು ಕೊಟ್ಟ. ನಾಚಿಕೆಗೇಡು, ನಾನೂ ಬಾರ್ಪ್ ಎಂದೇ ಓದಿದ್ದೆ.

ಇವತ್ತು ಮಧ್ಯಾಹ್ನ ಅಮ್ಮ ಭಜನೆಗೆ ಹೊರಟಳು. ಚಪ್ಪಲಿ ಮೆಟ್ಟುತ್ತಾ ಎಂದಿನಂತೆ, "ಲತೀಶಾ, ಬರ್ಪೆ" ಎಂದಳು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

ಬರ್ಪೆ! ಹೊರಡುವಾಗ ನಾವು ತುಳುವರು ಹೋಗುತ್ತೇನೆ ಎನ್ನುವುದಿಲ್ಲ, ಬರುತ್ತೇನೆ ಎನ್ನುತ್ತೇವೆ. ಯಾರೋ ನಮ್ಮವನೇ ಆ ಟೂಲ್ ಬರೆದು, ದಿನಾ ಕೆಲಸ ಮುಗಿಸುವಾಗ ಅದಕ್ಕೆ ಹೇಳಿಯೇ ಹೊರಡುತ್ತಿದ್ದ.

ಚಂದರನಿಗೆ ಫೋನ್ ಮಾಡಿದೆ. "ಸಬೂತ್ ದಿಖಾ" ಎಂದ. ಪುರಾವೆಗೆ ಆ ಮನುಷ್ಯನೇ ಬೇಕು. ಇಪ್ಪತ್ತು ವರ್ಷದ ಹಿಂದೆ ಇಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದ ತುಳುವರು ಎಷ್ಟು ಜನ ಇದ್ದಾರು? ಭಜನೆಯ ಹೆಂಗಸರಿಗೆ ಎಲ್ಲ ಮನೆಗಳೂ ಗೊತ್ತು.

ಸಂಜೆ ಅಮ್ಮನಿಗೆ ಬಟನ್ ತೋರಿಸಿ, ಇವನು ಸಿಕ್ಕಾನೇ ಎಂದು ಕೇಳಿದೆ. ಅವಳಿಗೆ ಅನುಮಾನವೇ ಇಲ್ಲ. ಹೇಳಿ ಹೋದವನಲ್ಲವಾ, ಬರುತ್ತಾನೆ ಎಂದಳು.