ನಿಂಬೆವ್ವ ಅಳಿಸಿದ ಮಾತು

ಹೊಸಗಡ್ಡಿ, ಕೃಷ್ಣಾ ದಂಡೆ
ಕ್ರಿ.ಶ. 2214, ಕಾರಹುಣ್ಣಿಮೆಯ ಮರುದಿನ

ಹೊಸಬರಿಗೆ ದನಿ ತಿದ್ದುವುದನ್ನು ಕಲಿಸುತ್ತಿರುವ ಹಿರಿಯರೇ,

ತಾರೀಖು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆಂದು ಕಾಗದ ಮಡಚಿಡಬೇಡಿ. ನೀವು ತೀರಿಕೊಂಡು ನೂರು ವರ್ಷದ ಮೇಲಾಗಿರುವ ಕಾಲದಿಂದ ಬರೆಯುತ್ತಿದ್ದೇನೆ. ಹೀಗೆ ಹೇಳುವುದು ಒರಟೆನಿಸಿದರೆ ಕ್ಷಮಿಸಿ. ಕೆಲವು ಪದಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ನಮ್ಮಲ್ಲಿ ಬರೆಯುವ ರೂಢಿಯೇ ತಪ್ಪಿಹೋಗಿದೆ. ಅರ್ಜಿ, ತಕರಾರು, ಮದುವೆಯ ಕರೆ, ಎಲ್ಲವನ್ನೂ ಬಾಯಲ್ಲಿ ಹೇಳಿ ಕಳಿಸುತ್ತೇವೆ.

ನನ್ನ ಹೆಸರು ಮಹಾನಂದಾ ತೇರದಾಳ. ವಯಸ್ಸು ಐವತ್ತೊಂದು. ಊರಿನ ದನಿಶಾಲೆಯಲ್ಲಿ ಕಲಿಸುತ್ತೇನೆ. ದನಿಶಾಲೆ ಎಂದರೆ ಹಳೆಯ ಹಿಟ್ಟಿನ ಗಿರಣಿಯೊಳಗೆ ಆರು ಕಂಪ್ಯೂಟರು, ಒಂದು ಜಮಖಾನೆ, ಅಷ್ಟೇ. ಕಳಿಸಿದ ಮಾತಿನಲ್ಲಿ ಕೋಳಿ ಕೂಗಿದ್ದರೆ, ಗಾಳಿ ಹೊಕ್ಕಿದ್ದರೆ ಕಚೇರಿಯವರು ವಾಪಸು ಮಾಡುತ್ತಾರೆ. ಮಾತನ್ನು ತಾವೇ ನಯ ಮಾಡಿಕೊಡುವ ಯಂತ್ರಗಳಿವೆ, ಆದರೆ ನಾವು ಹೇಳದ್ದನ್ನೂ ಅವು ಸೇರಿಸಿಬಿಡುತ್ತವೆ. ಅದಕ್ಕೇ ವಿಚಾರಣೆಗಳಲ್ಲಿ ಕೈಯಿಂದ ತಿದ್ದಿದ ದನಿಗೆ ಮಾತ್ರ ಬೆಲೆ. ಕೈಯಿಂದ ತಿದ್ದಲು ನಮಗಿರುವುದು ನಿಮ್ಮ ಕಾಲದ ಆ ಪುಕ್ಕಟೆ ತಂತ್ರಾಂಶವೊಂದೇ. ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ್ದರಿಂದ ನೂರಾರು ಕೈಗಳು ಅದನ್ನು ರಿಪೇರಿ ಮಾಡುತ್ತ ಇಲ್ಲಿಯವರೆಗೆ ತಂದಿವೆ. ಮೊಣಕಾಲು ನೋವಿನ ಅಜ್ಜಿಯರು, ದೋಣಿ ನಡೆಸುವವರು, ಹಸುಗೂಸಿನ ತಾಯಂದಿರು ಬಂದು ಕೂರುತ್ತಾರೆ. ಪರದೆಯ ಮೇಲೆ ಮಾತು ಏಳುತ್ತ ಬೀಳುತ್ತ ಹೋಗುವ ಗೆರೆಗೆ ನಾವು ಅಲೆಗೆರೆ ಎನ್ನುತ್ತೇವೆ. ಮೊದಲ ದಿನ ತಮ್ಮ ಹೆಸರಿನ ಅಲೆಗೆರೆ ನೋಡಿ ಎಲ್ಲರೂ ನಗುತ್ತಾರೆ.

ನಿಂಬೆವ್ವ ನಗಲಿಲ್ಲ. ಐವತ್ತೆಂಟರ ಹೆಂಗಸು, ಕಾಲುವೆ ಕಚೇರಿಯಲ್ಲಿ ಕೂಗುಪೆಟ್ಟಿಗೆ ನೋಡಿಕೊಳ್ಳುವ ಕೆಲಸ. ಒಂದು ಗೇಟಿನ ಕಾವಲುಗಾರ ಹೇಳಿದ್ದನ್ನು ಇನ್ನೊಂದು ಗೇಟಿಗೆ ಮುಟ್ಟಿಸಿ, ಎಂಟು ದಿನ ಉಳಿಸಿಕೊಂಡು, ಆಮೇಲೆ ತಾನೇ ಒರೆಸಿಕೊಳ್ಳುವ ಪೆಟ್ಟಿಗೆ ಅದು. ಮೌಸು ಹಿಡಿದದ್ದು ಅದೇ ಮೊದಲು. ಎರಡನೆಯ ದಿನ ಏನೋ ತಪ್ಪಿದಾಗ ನಾನು ಎಲ್ಲರೆದುರು, "ಎಷ್ಟ ಸಲ ಹೇಳಬೇಕ್ರೀ ನಿಮಗ?" ಎಂದುಬಿಟ್ಟೆ. ಆಮೇಲೆ ಆಕೆ ನನ್ನನ್ನು ಏನೂ ಕೇಳಲಿಲ್ಲ.

ಪಾಠ ಮುಗಿದ ವಾರವೇ ಹೊಳೆ ತುಂಬಿತು. ಮೇಲಿನ ಗೇಟಿನ ಕಾವಲುಗಾರ ದುರಗಪ್ಪ ಕೆಳಗಿನ ಗೇಟಿಗೆ ಏನೋ ಕೂಗಿ ಹೇಳಿದ. ಪಕ್ಕದಲ್ಲಿ ಪಂಪು ಬಡಿಯುತ್ತಿತ್ತು. ಕೆಳಗಿನವರು ಗೇಟು ತೆಗೆದರು. ಕಾಲುವೆಯಲ್ಲಿ ಕುರಿ ದಾಟಿಸುತ್ತಿದ್ದ ಒಬ್ಬ ಮನುಷ್ಯ ಕೊಚ್ಚಿಹೋದ. ವಿಚಾರಣೆ ಕೂತಿತು. ಪಂಪಿನ ಸದ್ದು ತೆಗೆದು ಮಾತನ್ನು ಸ್ವಚ್ಛ ಮಾಡಿ ತರಲು ನಿಂಬೆವ್ವನಿಗೆ ಹೇಳಿದರು. ಆಕೆ ತಂದ ದನಿಯಲ್ಲಿ ದುರಗಪ್ಪ ಸ್ಪಷ್ಟವಾಗಿ ಹೇಳುತ್ತಿದ್ದ: "ಗೇಟ್ ತೆಗೀರಿ."

ದುರಗಪ್ಪ ಎದ್ದು ನಿಂತು, "ನಾ ತೆಗೀಬ್ಯಾಡ್ರಿ ಅಂದೀನ್ರೀ, ನನ್ನ ಮಕ್ಕಳಾಣಿ!" ಎಂದ. ದನಿ ಅವನದೇ, ತಿದ್ದಿದ್ದೂ ಕೈಯಿಂದಲೇ. ಯಾರೂ ನಂಬಲಿಲ್ಲ. ಅವನನ್ನು ಒಳಗೆ ಹಾಕಿದರು.

ಮರುದಿನ ಬೆಳಿಗ್ಗೆ ನಿಂಬೆವ್ವ ಗಿರಣಿಯ ಬಾಗಿಲಲ್ಲಿ ನಿಂತಿದ್ದಳು. "ಅಕ್ಕಾರ, ನೀವು ಕಲಿಸಿದಂಗ ಗೆರಿ ಎದ್ದು ನಿಂತಲ್ಲೆಲ್ಲಾ ಕತ್ತರಿಸೀನ್ರಿ. ಪಂಪಿನ ಜೋಡಿ ಅವನ ಮಾತೂ ಹೋತೇನ್ರೀ?"

ದುರಗಪ್ಪನ ಮಾತನ್ನು ಬಾಯಲ್ಲೇ ಬಿಡಿಸಿ ನೋಡಿದೆ. ತೆಗೀಬ್ಯಾಡ್ರಿ. ನಡುವಿನ 'ಬ್ಯಾಡ್' ಬಿದ್ದುಹೋದರೆ ಉಳಿಯುವುದು ತೆಗೀರಿ. ನಮ್ಮ ಆಡುಮಾತಿನಲ್ಲಿ ಬೇಡವೆನ್ನುವುದು ಪದದ ಹೊಟ್ಟೆಯೊಳಗೆ ಕೂತಿರುತ್ತದೆ, ಪಂಪಿನ ಒಂದು ಬಡಿತದಷ್ಟೇ ಉದ್ದ. ಮೂಲ ಎಲ್ಲಿ ಎಂದು ಕೇಳಿದೆ. ಮೂಲ ಇರಲಿಲ್ಲ. ತಿದ್ದಿದ್ದನ್ನು ಅದೇ ಹೆಸರಿನಲ್ಲಿ ಉಳಿಸಿದ್ದಳು, ಹಳೆಯದು ಅದರಡಿ ಅಳಿದಿತ್ತು. ಪೆಟ್ಟಿಗೆಯ ಎಂಟು ದಿನವೂ ಕಳೆದಿತ್ತು. ಮೊದಲು ಪ್ರತಿ ಮಾಡಿಟ್ಟುಕೊಳ್ಳಿ ಎಂದು ನಾನು ಯಾರಿಗೂ ಹೇಳಿರಲಿಲ್ಲ, ನನಗೂ ಯಾರೂ ಹೇಳಿರಲಿಲ್ಲ. ನಾನು ಕಲಿತದ್ದು ನಿಮ್ಮ ಕಾಲದ ಯಾರೋ ಪುಣ್ಯಾತ್ಮರು ಕನ್ನಡದಲ್ಲಿ ಬರೆದ ಹೊಸಬರ ಕೈಪಿಡಿಯಿಂದ. ಅದು ನಮ್ಮ ಕೈಗೆ ಬಂದದ್ದು ಮೂರನೆಯ ಪುಟದಿಂದ.

ಆಕೆ ಗಿರಣಿಯಲ್ಲಿ ತಿದ್ದಲು ಕೂತಿದ್ದ ಕಂಪ್ಯೂಟರಿನ ಮೂಲೆ ಮೂಲೆಯನ್ನು ಎರಡು ದಿನ ಹುಡುಕಿದೆವು. ಮೂರನೆಯ ದಿನ ನಿಂಬೆವ್ವ ಸೆರಗಿನಲ್ಲಿ ಬೆವರು ಒರೆಸಿಕೊಂಡು ಹೇಳಿದಳು: "ಒಂದು ಹೇಳತೀನ್ರಿ, ಬೈಬ್ಯಾಡ್ರಿ. ಮೊದಲನೇ ಸಲ ಏನೋ ಒತ್ತಿ ಕೆಡಿಸಿದ್ದೆ, ಪೆಟ್ಟಿಗಿಂದ ಮತ್ತ ತಗೊಂಡು ತಿದ್ದಿದೆ. ಕೆಟ್ಟಿದ್ದನ್ನ ನೀವು ನೋಡಿದ್ರ ಮತ್ತ ಮಂದಿ ಮುಂದ ಅಂತೀರಂತ ಬ್ಯಾರೆ ಹೆಸರು ಕೊಟ್ಟು ಮುಚ್ಚಿಟ್ಟೀನಿ."

ಆ ಕಡತದ ಹೆಸರು 'ಹಪ್ಪಳದ ಅಳತಿ'. ನಾನು ಅದನ್ನು ನಾಲ್ಕು ಸಲ ದಾಟಿ ಹೋಗಿದ್ದೆ. ತೆರೆದರೆ ಕಿವಿ ಹರಿಯುವ ಕಿರುಚಾಟ. ಆಕೆ ಕೆಡಿಸಿದ್ದು ಅಷ್ಟೇ, ದನಿಯನ್ನು ವಿಪರೀತ ಏರಿಸಿದ್ದಳು. ಕತ್ತರಿ ಇನ್ನೂ ಬಿದ್ದಿರಲಿಲ್ಲ. ಮೊದಲು ನಾಲ್ಕು ಪ್ರತಿ ಮಾಡಿದೆವು. ಆಮೇಲೆ ದನಿ ಇಳಿಸಿದೆವು, ಪಂಪಿನ ಸದ್ದನ್ನು ಅಳಿಸದೆ ಕೂದಲೆಳೆಯಷ್ಟು ತಗ್ಗಿಸುತ್ತ ಹೋದೆವು. ಮೌಸು ಆಕೆಯ ಕೈಯಲ್ಲೇ ಇತ್ತು. ನಾನು ಬಾಯಿ ಮುಚ್ಚಿ ಪಕ್ಕದಲ್ಲಿ ಕೂತಿದ್ದೆ. ಸಂಜೆಯ ಹೊತ್ತಿಗೆ ದುರಗಪ್ಪ ಮಾತಾಡಿದ. "ಗೇಟ್ ತೆಗೀಬ್ಯಾಡ್ರಿ." ಅದರ ಹಿಂದೆ, ಅಲ್ಲಿಯವರೆಗೆ ಯಾರೂ ಕೇಳಿರದ ಇನ್ನೊಂದು ಮಾತು: "ಒಳಗ ಮನುಷ್ಯಾ ಅದಾನ!"

ನಿಂಬೆವ್ವ ಮೇಜಿಗೆ ತಲೆಯಿಟ್ಟು ಅತ್ತಳು.

ವಿಚಾರಣೆಯಲ್ಲಿ ತಪ್ಪು ನನ್ನ ಪಾಠದ್ದೆಂದು ಒಪ್ಪಿಕೊಂಡೆ. ಅಧಿಕಾರಿ ಕೇಳಿದರು, "ಇನ್ನ ಎಷ್ಟು ಮಂದಿಗೆ ಹಿಂಗ ಕಲಿಸೀರಿ?" ದುರಗಪ್ಪ ಹತ್ತೊಂಬತ್ತನೆಯ ದಿನ ಹೊರಗೆ ಬಂದ. ಗೇಟಿನ ಕೆಲಸಕ್ಕೆ ಮಾತ್ರ ಹೋಗಲಿಲ್ಲ. ಈಗ ಅವನು ಕುಡಿಯಲು ನೀರು ಕೇಳುವುದಿದ್ದರೂ ಎರಡೆರಡು ಸಲ ಹೇಳುತ್ತಾನೆ. ನಿಂಬೆವ್ವ ಸತ್ತವನ ಮನೆಗೆ ಒಬ್ಬಳೇ ಹೋಗಿ ಬಂದಳು.

ಅಧಿಕಾರಿಗೆ ಕೊಡದ ಉತ್ತರ ಇನ್ನೂರ ಹನ್ನೆರಡು. ಆರು ವರ್ಷದಲ್ಲಿ ಅಷ್ಟು ಜನ ನನ್ನಿಂದ ಕಲಿತಿದ್ದಾರೆ. ಒಂದೊಂದೇ ಮನೆಗೆ ಹೋಗಿ, ಮೂಲ ಉಳಿದಿದೆಯೇ ಎಂದು ಕೇಳುತ್ತಿದ್ದೇನೆ. ಇಲ್ಲಿಯವರೆಗೆ ನಲವತ್ತಮೂರು ಮನೆ. ಹೆಚ್ಚಿನವರು ನಗುತ್ತಾರೆ, ಚಹಾ ಕೊಡುತ್ತಾರೆ, ಎಲ್ಲ ಸರಿಯಾಗಿದೆ ಅಕ್ಕಾರ ಎನ್ನುತ್ತಾರೆ. ಒಬ್ಬಳು ತೀರಿಕೊಂಡ ಗಂಡನ ಕೊನೆಯ ಮಾತನ್ನು ಕೇಳಿಸಿದಳು. ಕೆಮ್ಮಿಲ್ಲ, ಏದುಸಿರಿಲ್ಲ, ತೊಳೆದಿಟ್ಟಂತಿದೆ. ಆಕೆಯ ಬಳಿಯೂ ಮೂಲವಿಲ್ಲ. ಕೇಳುತ್ತ ಕೂತಾಗ ನನಗೆ ಅವನ ಮಾತಿಗಿಂತ ಮಾತಿನ ನಡುವಿನ ಸಂದುಗಳೇ ಕೇಳಿಸಿದವು. ಚೆನ್ನಾಗಿದೆ ಎಂದು ಹೇಳಿ ಎದ್ದು ಬಂದೆ. ಅಂದಿನಿಂದ ಸ್ವಚ್ಛವಾದ ದನಿ ಕೇಳಿದರೆ ನನಗೆ ಅನ್ನ ಸೇರುವುದಿಲ್ಲ.

ಅದಕ್ಕೇ ಈ ಕಾಗದ. ನಿಮ್ಮ ಪಕ್ಕದಲ್ಲಿ ಕೂತ ಹೊಸಬರು ಏನನ್ನೋ ಕೆಡಿಸಿದರೆ, ತೋರಿಸಿ ಎಂದು ಮೆತ್ತಗೆ ಕೇಳಿ. ಮೂಲವನ್ನು ಮುಟ್ಟಬೇಡಿ, ಮೊದಲು ಪ್ರತಿ ಮಾಡಿ ಎಂಬ ಮಾತನ್ನು ನೀವು ಬರೆದೇ ಇರುತ್ತೀರಿ, ನನಗೆ ಅನುಮಾನವಿಲ್ಲ. ಆದರೆ ಮೊದಲ ಪುಟದಲ್ಲಷ್ಟೇ ಬರೆದು ಬಿಡಬೇಡಿ. ಮೊದಲ ಪುಟವೇ ಮೊದಲು ಹರಿಯುವುದು. ಪ್ರತಿ ಪುಟದಲ್ಲೂ ಬರೆಯಿರಿ. ಓದುವವರಿಗೆ ಬೇಸರ ಬಂದರೂ ಬರೆಯಿರಿ.

ನೀವು ಬರೆದದ್ದು ನಮ್ಮವರೆಗೆ ಬರುತ್ತದೆ, ಅದು ನನಗೆ ಗೊತ್ತು. ನಾನು ಬರೆದದ್ದು ನಿಮ್ಮವರೆಗೆ ಬರುತ್ತದೆಯೋ ಇಲ್ಲವೋ, ತಿಳಿಯದು.

ನಿಮ್ಮ,
ಮಹಾನಂದಾ